ಫುಲ್ಹಾಮ್ ಈಸ್ಟ್ ಕೈತಪ್ಪಿದ್ದು ಯಾಕೆ?

ಉಪಚುನಾವಣೆ ಫಲಿತಾಂಶ ಬಂದ ಕೂಡಲೇ 'ಇದರ ಸಂದೇಶ ಏನು ಸಾರ್?' ಅಂತ ಫೋನ್ ಬರುತ್ತದೆ. ಮತ ಲೆಕ್ಕ ಹಾಕುವುದೇ ನನ್ನ ಕೆಲಸ, ಆದ್ರೂ ಈ ಪ್ರಶ್ನೆ ಕೇಳಿದರೆ ನನಗೆ ಭಯ. ಯಾಕೆ ಅನ್ನೋದಕ್ಕೆ ಲಂಡನ್ನಿನ ಒಂದು ಹಳೇ ಕಥೆ ಸಾಕು.

ಫುಲ್ಹಾಮ್ ಈಸ್ಟ್, 25 ಅಕ್ಟೋಬರ್ 1933. ಹಾಲಿ ಸಂಸದರು ತೀರಿಕೊಂಡಿದ್ದರು. ಕನ್ಸರ್ವೇಟಿವ್ ಪಕ್ಷ 1931ರಲ್ಲಿ 14,521 ಮತಗಳಿಂದ ಗೆದ್ದಿದ್ದ ಸೀಟು ಅದು. ಈಗ ಲೇಬರ್ ಪಕ್ಷದ ಜಾನ್ ವಿಲ್ಮಟ್ 4,840 ಮತಗಳಿಂದ ಗೆದ್ದರು. ಹನ್ನೊಂದು ದಿನ ಮೊದಲಷ್ಟೇ ಹಿಟ್ಲರನ ಜರ್ಮನಿ ನಿಶ್ಶಸ್ತ್ರೀಕರಣ ಸಮ್ಮೇಳನದಿಂದ ಎದ್ದು ಹೋಗಿತ್ತು. ಕನ್ಸರ್ವೇಟಿವ್ ಅಭ್ಯರ್ಥಿ ಸೇನೆ ಬಲಪಡಿಸಬೇಕು ಅಂದಿದ್ದರು, ವಿಲ್ಮಟ್ ಆಯುಧ ಕಡಿಮೆ ಮಾಡಿ ಅಂದಿದ್ದರು. ಸರಿ, ಜನ ಶಾಂತಿಗೇ ಓಟು ಹಾಕಿದರು ಅಂತ ಮಾತು ಹಬ್ಬಿತು.

ಮೂರು ವರ್ಷ ಬಿಟ್ಟು, 1936ರ ನವೆಂಬರಿನಲ್ಲಿ, ಸೇನೆ ಬೆಳೆಸಲು ತಡ ಯಾಕಾಯಿತು ಅಂತ ಚರ್ಚಿಲ್ ಸಂಸತ್ತಿನಲ್ಲಿ ಜಗ್ಗಾಡಿದಾಗ ಪ್ರಧಾನಿ ಬಾಲ್ಡ್ವಿನ್ ಇದೇ ಫುಲ್ಹಾಮ್ ಸೋಲನ್ನು ಮುಂದಿಟ್ಟರು: ಅಲ್ಲಿ ನಾವು ಸುಮಾರು 7,000 ಮತಗಳಿಂದ ಸೋತೆವು, ಶಾಂತಿ ಬಿಟ್ಟು ಬೇರೆ ವಿಷಯವೇ ಇರಲಿಲ್ಲ. ಅಂತರವೇ ತಪ್ಪು ನೋಡಿ! ಬೇರೆ ವಿಷಯ ಇರಲಿಲ್ಲ ಅನ್ನೋದಂತೂ ಇನ್ನೂ ದೊಡ್ಡ ತಪ್ಪು.

ಆಗ ನಿರುದ್ಯೋಗ ಭತ್ಯೆಗೆ 'ಮೀನ್ಸ್ ಟೆಸ್ಟ್' ಅಂತ ಒಂದಿತ್ತು. ಅಧಿಕಾರಿ ಮನೆಗೇ ಬರುತ್ತಿದ್ದ, ಮಗನ ಸಂಬಳ ಎಷ್ಟು, ಉಳಿತಾಯ ಎಷ್ಟು ಅಂತ ಕೆದಕುತ್ತಿದ್ದ, ಮಗಳು ನಾಲ್ಕು ಕಾಸು ದುಡಿದರೂ ಅಪ್ಪನ ಭತ್ಯೆಗೆ ಕತ್ತರಿ ಬೀಳುತ್ತಿತ್ತು. ಯಾರಿಗೆ ಸಿಟ್ಟು ಬರಲ್ಲ ಹೇಳಿ? ಜೊತೆಗೆ ಬಾಡಿಗೆ, ಮನೆಗಳ ಕೊರತೆ. ನಿಜವಾದ ಏಟು ಬಿದ್ದಿದ್ದು ಮೀನ್ಸ್ ಟೆಸ್ಟಿನಿಂದ ಅಂತ ತಮಗೆ ಸುದ್ದಿ ಬಂದಿದೆಯೆಂದು ನೆವಿಲ್ ಚೇಂಬರ್ಲಿನ್ ಅವರೇ ಖಾಸಗಿಯಾಗಿ ಬರೆದಿದ್ದರು. ಆಗಿನ ಹಣಕಾಸು ಸಚಿವರದ್ದೇ ಮಾತು ಇದು!

ಇನ್ನು ಅಂಕಿ ನೋಡಿ. ಕನ್ಸರ್ವೇಟಿವ್ ಮತ 23,438ರಿಂದ 12,950ಕ್ಕೆ ಇಳಿಯಿತು, ಅಂದರೆ 10,488 ಹೋಯಿತು. ಲೇಬರ್‌ಗೆ ಬಂದಿದ್ದು 8,873 ಜಾಸ್ತಿ. ಕಳೆದವರೆಲ್ಲ ಪಕ್ಷ ಬದಲಿಸಿದರೋ, ಸುಮ್ನೆ ಮನೆಯಲ್ಲೇ ಕೂತರೋ, ಮತಪೆಟ್ಟಿಗೆ ಹೇಳುವುದಿಲ್ಲ. ಮೇಲಾಗಿ 1931 ಲೇಬರ್ ನೆಲಕಚ್ಚಿದ ವರ್ಷ, ಅದನ್ನು ಅಳತೆಗೋಲು ಮಾಡಿಕೊಂಡರೆ ಯಾವ ಏರಿಕೆಯೂ ಬೆಟ್ಟದಷ್ಟು ಕಾಣುತ್ತದೆ. ನಾನಾಗಿದ್ದರೆ ಮೊದಲು ಅದರ ಹಿಂದಿನ, 1929ರ ಚುನಾವಣೆಯ ಪಟ್ಟಿ ತೆಗೆಯುತ್ತಿದ್ದೆ.

ಕನ್ಸರ್ವೇಟಿವ್‌ಗಳು 1935ರಲ್ಲಿ ಸೀಟು ವಾಪಸ್ ಪಡೆದರು. ವಿಲ್ಮಟ್ 1939ರಲ್ಲಿ ಕೆನಿಂಗ್ಟನ್‌ನಿಂದ ಮತ್ತೆ ಸಂಸತ್ತಿಗೆ ಬಂದರು, ಅದೂ ಉಪಚುನಾವಣೆಯಲ್ಲೇ. 1945ರಲ್ಲಿ ಆಟ್ಲಿ ಸರ್ಕಾರ ಅವರಿಗೆ ಕೊಟ್ಟಿದ್ದು ಸೇನೆಗೆ ಆಯುಧ ಒದಗಿಸುವ ಸರಬರಾಜು ಖಾತೆ.