ಮೊಣಕಾಲಿನಲ್ಲಿ ಹರಿದ ದಪ್ಪ ಬಟ್ಟೆಗೆ ಕೈಹೊಲಿಗೆಯ ತೇಪೆ

ಕೆಲಸದ ಪ್ಯಾಂಟಿನ ಮೊಣಕಾಲು ಹೇಗೆ ಹರಿಯುತ್ತದೆ ಎಂಬುದನ್ನು ತಿಳಿಯಲು ಮೊದಲು ನೇಯ್ಗೆಯನ್ನು ನೋಡಬೇಕು. ಜೀನ್ಸ್ ಬಟ್ಟೆಯಾದ ಡೆನಿಮ್ ಟ್ವಿಲ್ ನೇಯ್ಗೆಯದು, ಅಂದರೆ ಮೈಮೇಲೆ ಓರೆಗೆರೆಗಳು ಕಾಣುವ ನೇಯ್ಗೆ. ಉದ್ದಕ್ಕೆ ಹಾಯುವ ಹಾಸುನೂಲಿಗೆ ಮಾತ್ರ ನೀಲಿ ಬಣ್ಣ ಕಟ್ಟಿರುತ್ತಾರೆ, ಅಡ್ಡಕ್ಕೆ ಹಾಯುವ ಹೊಕ್ಕುನೂಲು ಬಿಳಿಯಾಗಿಯೇ ಇರುತ್ತದೆ. ಹೊರಮೈಯಲ್ಲಿ ಹಾಸುನೂಲೇ ಹೆಚ್ಚು ಕಾಣಿಸಿಕೊಳ್ಳುವುದರಿಂದ ನೆಲಕ್ಕೆ ಉಜ್ಜಿ ಮೊದಲು ಸವೆಯುವುದೂ ಅದೇ. ಹರಿದ ಜಾಗದಲ್ಲಿ ಅಡ್ಡಡ್ಡಲಾಗಿ ಬಿಳಿ ಎಳೆಗಳಷ್ಟೇ ಉಳಿದಿದ್ದರೆ ಹಾಸು ಕಡಿದು ಹೊಕ್ಕು ಉಳಿದಿದೆ ಎಂದರ್ಥ. ಆ ಎಳೆಗಳನ್ನು ದಯವಿಟ್ಟು ಕತ್ತರಿಸಬೇಡಿ. ಒಳಗಿನಿಂದ ತೇಪೆ ಇಟ್ಟು, ಅವನ್ನೂ ಸೇರಿಸಿ ಹೊಲಿದರೆ ಅವು ಇನ್ನೂ ಭಾರ ಹೊರುತ್ತವೆ.

ನಾನು ಹಾಕಿದ ಮೊದಲ ತೇಪೆ ತೂತಿಗಿಂತ ಒಂದು ಬೆರಳಷ್ಟೇ ಅಗಲವಿತ್ತು. ಎರಡು ಸಲ ಒಗೆಯುವಷ್ಟರಲ್ಲಿ ತೇಪೆ ಗಟ್ಟಿಯಾಗಿಯೇ ಉಳಿದು, ಅದರ ಅಂಚಿನುದ್ದಕ್ಕೂ ಹಳೆಯ ಬಟ್ಟೆ ಹರಿಯಿತು. ತೂತಿನ ಸುತ್ತಲಿನ ಬಟ್ಟೆ ಆಗಲೇ ಸವೆದಿರುತ್ತದೆ ಎಂಬುದನ್ನು ನಾನು ಗಮನಿಸಿರಲಿಲ್ಲ. ಪ್ಯಾಂಟನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಬೆಳಕು ತೂರಿಬರುವ ತೆಳುವಾದ ಭಾಗವೆಲ್ಲ ಸ್ಪಷ್ಟವಾಗಿ ಕಾಣುತ್ತದೆ. ಅದಷ್ಟನ್ನೂ ಸೀಮೆಸುಣ್ಣದಿಂದ ಗುರುತಿಸಿ, ತೇಪೆಯ ಅಂಚು ಆ ಗೆರೆಯನ್ನು ದಾಟಿ ಗಟ್ಟಿ ಬಟ್ಟೆಯ ಮೇಲೆ ಕೂರುವಂತೆ ಕತ್ತರಿಸಬೇಕು. ಈ ಇಡೀ ವಿದ್ಯೆಯಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಇದೇ. ತೇಪೆಗೆ ಹಳೆಯ ಜೀನ್ಸಿನ ತುಂಡು ಒಳ್ಳೆಯದು, ಏಕೆಂದರೆ ಅದು ಒಗೆದು ಒಗೆದು ಕುಗ್ಗುವಷ್ಟು ಕುಗ್ಗಿರುತ್ತದೆ. ಹೊಸ ಹತ್ತಿ ಬಟ್ಟೆಯಾದರೆ ಮೊದಲು ಒಗೆದು ಒಣಗಿಸಿ. ಇಲ್ಲದಿದ್ದರೆ ಅದು ಆಮೇಲೆ ಕುಗ್ಗಿ ಸುತ್ತಲಿನ ಬಟ್ಟೆಯನ್ನು ಸುಕ್ಕಾಗಿಸುತ್ತದೆ. ತೇಪೆಯ ಹಾಸು ಪ್ಯಾಂಟಿನ ಹಾಸಿನ ದಿಕ್ಕಿನಲ್ಲೇ ಇರಲಿ, ಮೂಲೆಗಳು ದುಂಡಗಿರಲಿ.

ಕೈಸೂಜಿಗಳಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ತೆಳ್ಳಗಾಗುತ್ತದೆ, ಆದ್ದರಿಂದ ದಪ್ಪ ಬಟ್ಟೆಗೆ ಸಣ್ಣ ಸಂಖ್ಯೆಯದನ್ನು ಕೇಳಿ ಪಡೆಯಬೇಕು. ಗೋಣಿಚೀಲ ಹೊಲಿಯುವ ದಬ್ಬಣ ಮಾತ್ರ ಬೇಡ. ಅದು ಮಾಡುವ ತೂತು ತೀರಾ ದೊಡ್ಡದು. ದಾರವನ್ನು ಜೇನುಮೇಣದ ಮೇಲೆ ಎಳೆದುಕೊಂಡರೆ ಅದು ಸಿಕ್ಕಾಗುವುದು ಕಡಿಮೆ.

ತೇಪೆಯ ಸುತ್ತ ಹಿಮ್ಮುಖ ಹೊಲಿಗೆ ಹಾಕಬೇಕು, ಅಂದರೆ ಸೂಜಿ ಮುಂದೆ ಬಂದ ಮೇಲೆ ಹಿಂದಿನ ಹೊಲಿಗೆಯ ತುದಿಗೆ ಮರಳಿ ಇಳಿಯಬೇಕು. ನಡುವಿನ ಸವೆದ ಭಾಗಕ್ಕೆ ಒತ್ತೊತ್ತಾದ ಸಾಲುಗಳಲ್ಲಿ ಸಾದಾ ಓಟದ ಹೊಲಿಗೆ, ಅಂದರೆ ಸೂಜಿ ಮೇಲೆ ಕೆಳಗೆ ಹಾಯುತ್ತ ಮುಂದಕ್ಕೇ ಸಾಗುವ ಹೊಲಿಗೆ ಸಾಕು. ಉತ್ತರ ಕರ್ನಾಟಕದ ಕೌದಿಯಲ್ಲಿ ಹಳೆಯ ಸೀರೆಗಳ ಪದರಗಳು ವರ್ಷಗಟ್ಟಲೆ ಬಾಳುವುದು ಇದೇ ಹೊಲಿಗೆಯಿಂದ. ಎಳೆತ ಒಂದೇ ಗೆರೆಯ ಮೇಲೆ ಬೀಳದೆ ಎಲ್ಲ ಸಾಲುಗಳಿಗೂ ಹಂಚಿಹೋಗುತ್ತದೆ. ದಾರವನ್ನು ಬಿಗಿಯಾಗಿ ಜಗ್ಗಬಾರದು, ಕುಳಿತಾಗ ಮೊಣಕಾಲು ಮಡಚಲು ಬಟ್ಟೆಗೆ ಎಡೆ ಇರಬೇಕು.

ಪ್ಯಾಂಟಿನ ಕಾಲಿನ ಬಿಟ್ಟುಹೋದ ಹೊಲಿಗೆಯನ್ನು ಸರಿಪಡಿಸುವಾಗ ಯಂತ್ರ ಮಾಡಿದ ಹಳೆಯ ತೂತುಗಳಲ್ಲೇ ಸೂಜಿಯನ್ನು ಹಾಯಿಸಿ. ಹಲವು ಪದರ ಸೇರುವ ಗಂಟಿನಂಥ ಜಾಗವನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಮೆತ್ತಗೆ ಮಾಡಿಕೊಂಡು, ಇಕ್ಕಳದಿಂದ ಸೂಜಿಯನ್ನು ನೇರವಾಗಿ ಎಳೆಯಿರಿ. ಓರೆಯಾಗಿ ಎಳೆದರೆ ಸೂಜಿ ಮುರಿಯುತ್ತದೆ.