ಎಂಜಿನ್ ಆಯಿಲ್ ಜಾಸ್ತಿಯಾದರೆ ಕೆಡಿಸುವುದು ಗಾಳಿ

ಘಾಟಿ ಹತ್ತೋಕೆ ಹೊರಟ ಕಾರಿಗೆ ಅರ್ಧ ಲೀಟರ್ ಆಯಿಲ್ ಜಾಸ್ತಿ ಹಾಕಿಸುವ ಅಭ್ಯಾಸ ಬೆಂಗಳೂರಿನಲ್ಲಿ ಇನ್ನೂ ಹೋಗಿಲ್ಲ. ಮುಂದೆ ಶಿರಾಡಿ ಇದೆ, ಎಂಜಿನ್ ಬಿಸಿಯಾಗುತ್ತೆ, ಇರ್ಲಿ ಬಿಡಿ ಅನ್ನೋ ಲೆಕ್ಕ. ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣು ಇಡುವುದಕ್ಕೆ ನನ್ನ ತಕರಾರಿಲ್ಲ. ನಿಂಬೆಹಣ್ಣು ಎಂಜಿನ್ನಿಗೆ ಏನೂ ಮಾಡುವುದಿಲ್ಲ. ಈ ಅರ್ಧ ಲೀಟರ್ ಮಾಡುತ್ತದೆ.

ಗ್ಯಾರೇಜಿನವರ ಕಷ್ಟವೂ ಬೇರೆ ಇದೆ. ಗಿರಾಕಿ ಜೆ.ಸಿ. ರಸ್ತೆಯಿಂದ ಮೂರೂವರೆ ಲೀಟರಿನ ಕ್ಯಾನ್ ತಂದುಕೊಡುತ್ತಾನೆ. ಎಂಜಿನ್ ಹಿಡಿಯುವುದು ಮೂರು ಲೀಟರ್ ಚಿಲ್ಲರೆ. ಉಳಿದದ್ದನ್ನು ಇಟ್ಟುಕೊಂಡರೆ ಕದ್ದ ಅಂತಾರೆ, ವಾಪಸ್ ಕೊಟ್ಟರೆ ಡಿಕ್ಕಿಯಲ್ಲಿ ಚೆಲ್ಲಿತು ಅಂತ ಜಗಳಕ್ಕೆ ಬರ್ತಾರೆ. ಸುಮ್ನೆ ಪೂರ್ತಿ ಸುರಿದುಬಿಡುವುದೇ ಮೆಕ್ಯಾನಿಕ್‌ಗೆ ನೆಮ್ಮದಿ.

ಸುರಿದದ್ದು ಹೋಗಿ ಸೇರುವುದು ಎಂಜಿನ್ನಿನ ತಳದ ಎಣ್ಣೆ ತೊಟ್ಟಿಗೆ, ಅಂದರೆ ಸಂಪಿಗೆ. ಅದರ ಸ್ವಲ್ಪ ಮೇಲೆಯೇ, ಪಿಸ್ಟನ್ನುಗಳ ಏರಿಳಿತವನ್ನು ಸುತ್ತಾಗಿಸುವ ಕ್ರ್ಯಾಂಕ್‌ಶಾಫ್ಟ್ ತಿರುಗುತ್ತಿರುತ್ತದೆ. ಎಣ್ಣೆಯ ಮಟ್ಟಕ್ಕೂ ಕ್ರ್ಯಾಂಕಿಗೂ ನಡುವೆ ಒಂದಷ್ಟು ಜಾಗವನ್ನು ಎಂಜಿನಿಯರುಗಳು ಬೇಕೆಂದೇ ಬಿಟ್ಟಿರುತ್ತಾರೆ. ಹಲವು ಎಂಜಿನ್ನುಗಳಲ್ಲಿ ಅಲ್ಲೊಂದು ತಗಡನ್ನೂ ಕೂರಿಸುತ್ತಾರೆ. ಕ್ರ್ಯಾಂಕ್ ಎಬ್ಬಿಸುವ ಗಾಳಿ ಕೂಡ ಎಣ್ಣೆಯನ್ನು ಕಲಕಬಾರದು ಅಂತ.

ಕ್ರ್ಯಾಂಕ್ ತಿರುಗುವ ವೇಗ ಎಷ್ಟಿರುತ್ತದೆ ನೋಡಿ. ಪಿಸ್ಟನ್ನಿನ ಸರಳು ಹಿಡಿದಿರುವ ಕ್ರ್ಯಾಂಕ್ ಪಿನ್ನು ನಡುವಿನಿಂದ 40 ಮಿಲಿಮೀಟರ್ ದೂರದಲ್ಲಿದೆ ಅನ್ನೋಣ. 3000 ಆರ್‌ಪಿಎಂ ಅಂದರೆ ಸೆಕೆಂಡಿಗೆ 50 ಸುತ್ತು. ಆಗ ಪಿನ್ನು ಓಡುವುದು ಗಂಟೆಗೆ ಸುಮಾರು 45 ಕಿಲೋಮೀಟರ್ ವೇಗದಲ್ಲಿ. ಅದರ ಎದುರು ಬದಿಗೆ ತೂಗಿಸಲು ಇಟ್ಟ, ಇನ್ನೂ ಹೊರಗೆ ಚಾಚಿಕೊಂಡಿರುವ ಕೌಂಟರ್‌ವೇಟಿನ ಅಂಚು ಅದಕ್ಕಿಂತ ಬಹಳ ಜೋರು. ಎಣ್ಣೆ ಏರಿ ಈ ಕಬ್ಬಿಣದ ದಾರಿಗೆ ಅಡ್ಡ ಬಂದರೆ ಪ್ರತಿ ಸುತ್ತಿಗೂ ಏಟು ಬೀಳುತ್ತದೆ. ಎಂಜಿನ್ನಿನ ಶಕ್ತಿ ಒಂದಷ್ಟು ಅಲ್ಲೇ ಸೋರುತ್ತದೆ, ಎಣ್ಣೆಯೂ ಬಿಸಿಯಾಗುತ್ತದೆ. ಘಾಟಿಯ ಏರಿನಲ್ಲಿ ಸಂಪಿನ ಎಣ್ಣೆ ಒಂದು ಬದಿಗೆ ವಾಲುವುದರಿಂದ ಆ ಬದಿಯ ಮಟ್ಟ ಇನ್ನೂ ಮೇಲೇರುತ್ತದೆ. ಘಾಟಿಗೆ ಅಂತ ಹಾಕಿಸಿದ ಅರ್ಧ ಲೀಟರ್ ಘಾಟಿಯಲ್ಲೇ ಕೈಕೊಡುತ್ತದೆ, ಅಲ್ವಾ?

ಆದರೆ ಬಿಸಿಯಾಗುವುದು ಸಣ್ಣ ತೊಂದರೆ. ದೊಡ್ಡ ತೊಂದರೆ ಎಣ್ಣೆಯೊಳಗೆ ಸೇರುವ ಗಾಳಿ. ದರ್ಶಿನಿಯಲ್ಲಿ ಕಾಫಿಯನ್ನು ಎತ್ತಿ ಎತ್ತಿ ಸುರಿದಾಗ ಲೋಟದ ತುಂಬ ನೊರೆ ನಿಲ್ಲುತ್ತದೆ, ಕುಡಿಯೋಕೆ ಹೋದರೆ ಕಾಫಿ ಅರ್ಧ ಲೋಟವೂ ಇರುವುದಿಲ್ಲ. ಆಯಿಲ್ ಪಂಪಿನ ಪಾಡೂ ಅದೇ. ನೊರೆ ಏಳದಿರಲಿ ಅಂತ ಎಣ್ಣೆಗೆ ಚೂರೇ ಚೂರು ಸಿಲಿಕೋನ್ ಬೆರೆಸಿರುತ್ತಾರೆ, ಹತ್ತು ಲಕ್ಷದಲ್ಲಿ ಕೆಲವೇ ಪಾಲು. ಮೇಲಿನ ಗುಳ್ಳೆಗಳನ್ನು ಅದು ಒಡೆಯುತ್ತದೆ. ಕ್ರ್ಯಾಂಕ್ ಬಿಡದೆ ಬಡಿಯುತ್ತಲೇ ಇದ್ದರೆ ಅದೂ ಸೋಲುತ್ತದೆ.

ನೊರೆ ಯಾಕೆ ಅಷ್ಟು ಅಪಾಯ ಅನ್ನುವುದಕ್ಕೆ 1880ರ ದಶಕದ ಇಂಗ್ಲೆಂಡಿಗೆ ಹೋಗಬೇಕು. ಬೋಚಂಪ್ ಟವರ್ ಎಂಬ ಎಂಜಿನಿಯರ್ ರೈಲು ಗಾಡಿಯ ಬೇರಿಂಗುಗಳ, ಅಂದರೆ ತಿರುಗುವ ಅಚ್ಚಿಗೆ ಆಧಾರವಾಗಿರುವ ಭಾಗಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ತಿರುಗುವ ಅಚ್ಚಿನ ಮೇಲೆ ಹಿತ್ತಾಳೆಯ ಅರೆಬೇರಿಂಗು, ಅದರ ಮೇಲೆ ಭಾರ. ಎಣ್ಣೆ ಬಿಡೋಕೆ ಅಂತ ಬೇರಿಂಗಿನ ನೆತ್ತಿಗೆ ಒಂದು ತೂತು ಕೊರೆಸಿದರು. ಅಚ್ಚು ತಿರುಗಿದಾಗ ಆ ತೂತಿನಿಂದ ಎಣ್ಣೆ ಒಳಗೆ ಹೋಗುವ ಬದಲು ಮೇಲಕ್ಕೆ ಉಕ್ಕಿತು! ಕಾರ್ಕ್ ಜಡಿದರು, ಎಣ್ಣೆ ಅದನ್ನು ತಳ್ಳಿತು. ಮರದ ಬಿರಡೆ ಹಾಕಿದರು, ಅದನ್ನೂ ನಿಧಾನಕ್ಕೆ ಹೊರಗೆ ನೂಕಿತು. ಕೊನೆಗೆ ಪ್ರೆಷರ್ ಗೇಜ್ ಜೋಡಿಸಿದಾಗ ಮುಳ್ಳು 200 ಪಿಎಸ್‌ಐ ದಾಟಿಹೋಯಿತು. ಮೇಲಿಟ್ಟ ಭಾರದ ಸರಾಸರಿ ಒತ್ತಡದ ಎರಡು ಪಟ್ಟಿಗೂ ಜಾಸ್ತಿ! 1883ರಲ್ಲಿ ಅವರು ಇದನ್ನು ವರದಿ ಮಾಡಿದರು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಅದರ ಹಿಂದಿನ ಗಣಿತ ಬಿಡಿಸಿಟ್ಟರು. ಎಣ್ಣೆ ಅಂಟುಗುಣದ್ದು. ತಿರುಗುವ ಅಚ್ಚು ಅದನ್ನು ಎಳೆದುಕೊಂಡು ಕಿರಿದಾಗುತ್ತಾ ಹೋಗುವ ಸಂದಿಗೆ ತುರುಕುತ್ತದೆ. ಅಲ್ಲಿ ಹುಟ್ಟುವ ಒತ್ತಡವೇ ಅಚ್ಚನ್ನೂ ಬೇರಿಂಗನ್ನೂ ಬೇರೆಬೇರೆಯಾಗಿ ಎತ್ತಿಹಿಡಿಯುತ್ತದೆ.

ನನಗೆ ತುಂಬ ಇಷ್ಟದ ವಿಷಯ ಇದು. ನಮ್ಮ ಕಾರಿನ ಕ್ರ್ಯಾಂಕ್ ಲೋಹದ ಮೇಲೆ ಕೂತಿಲ್ಲ, ಕೆಲವೇ ಮೈಕ್ರಾನ್ ದಪ್ಪದ ಎಣ್ಣೆಯ ಪೊರೆಯ ಮೇಲೆ ತೇಲುತ್ತಿದೆ. ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಅನ್ನುವುದನ್ನು ನೆನೆದುಕೊಳ್ಳಿ. ಅಷ್ಟು ತೆಳ್ಳಗಿನ ಪೊರೆ ಆ ಭಾರ ಹೊರಬಲ್ಲದು, ಯಾಕಂದರೆ ಎಣ್ಣೆಯನ್ನು ಒತ್ತಿದರೆ ಅದು ಹೆಚ್ಚುಕಮ್ಮಿ ಕುಗ್ಗುವುದೇ ಇಲ್ಲ. ಗಾಳಿಯೋ, ಒತ್ತಿದಷ್ಟೂ ಕುಗ್ಗುತ್ತದೆ. ಗುಳ್ಳೆ ತುಂಬಿದ ಎಣ್ಣೆ ಬೇರಿಂಗಿಗೆ ಹೋದರೆ ಪೊರೆ ಅಲ್ಲಲ್ಲಿ ಹರಿದು ಲೋಹಕ್ಕೆ ಲೋಹ ತಗಲುತ್ತದೆ. ವಾಲ್ವುಗಳನ್ನು ತೆರೆಯುವ, ಎಣ್ಣೆಯ ಒತ್ತಡದಿಂದಲೇ ಕೆಲಸ ಮಾಡುವ ಹೈಡ್ರಾಲಿಕ್ ಟ್ಯಾಪೆಟ್ಟುಗಳು ಟಕಟಕ ಅನ್ನತೊಡಗುತ್ತವೆ. ಆಯಿಲ್ ಲೈಟ್ ಮಿನುಗುವುದೂ ಉಂಟು. ಎಣ್ಣೆ ಕಡಿಮೆಯಾದಾಗ ಕಾಣುವ ಲಕ್ಷಣಗಳೇ ಇವು. ಅದನ್ನು ನೋಡಿ ಯಾರೋ ಇನ್ನೊಂದು ಕಾಲು ಲೀಟರ್ ಸುರಿದರೆ ಕತೆ ಮುಗಿಯಿತು.

"ಎಣ್ಣೆ ಜಾಸ್ತಿಯಾದರೆ ಪ್ರೆಷರ್ ಏರಿ ಸೀಲ್ ಒಡೆಯುತ್ತೆ" ಎಂಬ ಮಾತೂ ಓಡಾಡುತ್ತದೆ. ಅರ್ಧ ಸರಿ. ಎಣ್ಣೆಯ ಒತ್ತಡ ನಿಂತಿರುವುದು ಪಂಪು, ಎಣ್ಣೆಯ ದಪ್ಪ ಮತ್ತು ಒತ್ತಡ ಹೆಚ್ಚಾದರೆ ತೆರೆದುಕೊಳ್ಳುವ ರಿಲೀಫ್ ವಾಲ್ವಿನ ಮೇಲೆ. ಸಂಪಿನಲ್ಲಿ ಎಷ್ಟಿದೆ ಅನ್ನುವುದು ಅದನ್ನು ಏರಿಸುವುದಿಲ್ಲ. ಪಿಸ್ಟನ್ ರಿಂಗುಗಳ ಪಕ್ಕದಿಂದ ನುಸುಳಿ ಕೆಳಗಿಳಿಯುವ ಹೊಗೆ ಮಾತ್ರ ಬೇರೆ. ಅದು ಹೊರಹೋಗುವ ಬ್ರೀದರ್ ದಾರಿಯಲ್ಲಿ ಎಣ್ಣೆ ತುಂಬಿಕೊಂಡರೆ ಕ್ರ್ಯಾಂಕ್ ಕೂತಿರುವ ಗೂಡಾದ ಕ್ರ್ಯಾಂಕ್‌ಕೇಸಿನೊಳಗೆ ಒತ್ತಡ ಕಟ್ಟುತ್ತದೆ, ಸೀಲುಗಳ ಅಂಚಿನಲ್ಲಿ ಎಣ್ಣೆ ಜಿನುಗುತ್ತದೆ.

ಹಿಂದೆ ಈ ಹೊಗೆಯನ್ನು ಒಂದು ಕೊಳವೆಯ ಮೂಲಕ ಸೀದಾ ರಸ್ತೆಗೆ ಬಿಡುತ್ತಿದ್ದರು. 1950ರ ದಶಕದಲ್ಲಿ ಲಾಸ್ ಏಂಜಲೀಸ್ ಹೊಗೆ ಬೆರೆತ ಮಂಜಿನಲ್ಲಿ ಮುಳುಗಿದಾಗ, ಕ್ಯಾಲ್‌ಟೆಕ್‌ನ ವಿಜ್ಞಾನಿ ಏರಿ ಹಾಗನ್-ಸ್ಮಿಟ್ ಅದರ ಮೂಲ ಹುಡುಕಿ ಕಾರುಗಳ ಕಡೆ ಬೆರಳು ತೋರಿಸಿದರು. 1961ರ ಮಾದರಿಯ ಕಾರುಗಳಿಂದ ಕ್ಯಾಲಿಫೋರ್ನಿಯಾದಲ್ಲಿ ಆ ಹೊಗೆಯನ್ನು ಮತ್ತೆ ಎಂಜಿನ್ನಿಗೇ ಕೊಟ್ಟು ಸುಡುವ ಏರ್ಪಾಟು ಬಂತು. ಊರಿನ ಗಾಳಿಗೆ ಒಳ್ಳೆಯದೇ ಆಯಿತು. ಆದರೆ ಎಣ್ಣೆ ಜಾಸ್ತಿ ಇದ್ದರೆ ಇದೇ ದಾರಿಯಲ್ಲಿ ಎಣ್ಣೆಯ ಮಂಜೂ ಸಿಲಿಂಡರಿಗೆ ಹೋಗುತ್ತದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ, ಪ್ಲಗ್ಗು ಕೊಳೆಯಾಗುತ್ತದೆ. ಎಣ್ಣೆಯಲ್ಲಿ ಸವೆತ ತಡೆಯಲೆಂದು ಬೆರೆಸಿದ ಫಾಸ್ಫರಸ್ ಹೋಗಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಮೇಲೆ ಪದರ ಕಟ್ಟುತ್ತದೆ. ಅದನ್ನು ಬದಲಾಯಿಸುವ ಬಿಲ್ ನೋಡಿದವರಿಗೆ ಗೊತ್ತು.

ಡೀಸೆಲ್ ಎಂಜಿನ್ನಿನಲ್ಲಿ ಇನ್ನೊಂದು ಭಯ ಇದೆ. ಅಪರೂಪ, ಆದರೆ ನಿಜ. ಡೀಸೆಲ್ಲಿಗೆ ಕಿಡಿ ಬೇಡ, ಬಿಸಿಗಾಳಿ ಸಾಕು. ಗಾಳಿಯ ದಾರಿಯಲ್ಲಿ ಎಣ್ಣೆ ಧಾರಾಳವಾಗಿ ಬಂದರೆ ಎಂಜಿನ್ ಅದನ್ನೇ ಸುಟ್ಟುಕೊಂಡು ಓಡುತ್ತದೆ. ಕೀ ತಿರುಗಿಸಿದರೆ ಡೀಸೆಲ್ ನಿಲ್ಲುತ್ತದೆ, ಎಣ್ಣೆ ನಿಲ್ಲುವುದಿಲ್ಲ. ಗಾಳಿ ಮುಚ್ಚಬೇಕು, ಇಲ್ಲವೇ ದೊಡ್ಡ ಗೇರಿನಲ್ಲಿ ಬ್ರೇಕ್ ಒತ್ತಿ ಕ್ಲಚ್ ಬಿಟ್ಟು ಬಂದ್ ಮಾಡಬೇಕು.

ಅಳೆಯುವ ವಿಷಯಕ್ಕೆ ಬಂದರೆ, ಎಣ್ಣೆಯ ಮಟ್ಟ ನೋಡುವ ಕಡ್ಡಿಯ, ಅಂದರೆ ಡಿಪ್‌ಸ್ಟಿಕ್ಕಿನ ಎರಡು ಗುರುತುಗಳ ನಡುವೆ ಸಾಮಾನ್ಯವಾಗಿ ಇರುವುದು ಒಂದು ಲೀಟರಿನಷ್ಟು, ಕೆಲವದರಲ್ಲಿ ಇನ್ನೂ ಕಮ್ಮಿ. ಎಂಜಿನ್ ಬಂದ್ ಮಾಡಿದ ತಕ್ಷಣ ನೋಡಿದರೆ ಎಣ್ಣೆ ಇನ್ನೂ ಮೇಲೆಲ್ಲ ಹರಡಿಕೊಂಡಿರುತ್ತದೆ, ಕಡ್ಡಿ ಕಡಿಮೆ ತೋರಿಸುತ್ತದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರಿನಲ್ಲಿ ನಿಲ್ಲಿಸಿ ನೋಡಿದರೂ ಲೆಕ್ಕ ತಪ್ಪುತ್ತದೆ. ಸಮತಟ್ಟು ಜಾಗ, ಐದು ಹತ್ತು ನಿಮಿಷ ಕಾಯುವುದು, ಕಡ್ಡಿ ಒರೆಸಿ ಮತ್ತೆ ಅದ್ದುವುದು. ಬಿಸಿ ಎಂಜಿನ್ನೋ ತಣ್ಣಗಿನದೋ ಅನ್ನುವುದನ್ನು ಕಾರಿನ ಕೈಪಿಡಿ ಹೇಳುತ್ತದೆ. ಮೇಲಿನ ಗುರುತನ್ನು ಕೂದಲೆಳೆಯಷ್ಟು ದಾಟಿದ್ದರೆ ಗಾಬರಿ ಬೇಡ. ಅರ್ಧ ಲೀಟರ್ ದಾಟಿದ್ದರೆ ತೆಗೆಸಿ, ಡಿಪ್‌ಸ್ಟಿಕ್ ಕೊಳವೆಯಿಂದಲೇ ಪಂಪಿನಲ್ಲಿ ಎಳೆದು ತೆಗೆಯಬಹುದು. ಒಂದು ಲೀಟರ್ ಜಾಸ್ತಿ ಇದ್ದರೆ ನಾನಂತೂ ಆ ಕಾರನ್ನು ಸ್ಟಾರ್ಟ್ ಮಾಡುವುದಿಲ್ಲ.

ಯಾರೂ ಸುರಿಯದೆ ಎಣ್ಣೆ ಏರುವುದೂ ಉಂಟು. ಬೆಂಗಳೂರಿನವರು ಇದನ್ನು ಗಮನಿಸಬೇಕು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಾಲಿನ್ಯದ ಮಾನದಂಡ) ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಮಸಿ ತುಂಬಿದಾಗ ಅದನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಸುಡಬೇಕು. ಅದಕ್ಕೆ ಹಲವು ಎಂಜಿನ್ನುಗಳು ಸಿಲಿಂಡರಿಗೇ ತಡವಾಗಿ ಒಂದಿಷ್ಟು ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ. ಹೆದ್ದಾರಿಯಲ್ಲಿ ಈ ಕೆಲಸ ಸಲೀಸು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮುಕ್ಕಾಲು ಗಂಟೆ ತೆವಳಿ ಆಫೀಸಿನಲ್ಲಿ ಬಂದ್ ಮಾಡಿದರೆ ಸುಡುವುದು ಅರ್ಧಕ್ಕೇ ನಿಲ್ಲುತ್ತದೆ, ಮತ್ತೆ ಮೊದಲಿನಿಂದ ಶುರು. ಪ್ರತಿ ಸಲವೂ ಒಂದಷ್ಟು ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಸಂಪು ಸೇರುತ್ತದೆ. ಮಟ್ಟ ಏರುತ್ತದೆ, ಎಣ್ಣೆ ತೆಳ್ಳಗಾಗುತ್ತದೆ. ಇಲ್ಲಿ ಜಾಸ್ತಿಯಾದಷ್ಟನ್ನು ತೆಗೆದರೆ ಉಪಯೋಗವಿಲ್ಲ, ಉಳಿದದ್ದರಲ್ಲೂ ಡೀಸೆಲ್ ಬೆರೆತಿರುತ್ತದೆ. ಪೂರ್ತಿ ಆಯಿಲ್ ಬದಲಾಯಿಸಿ, ಸುಡುವ ಕೆಲಸ ಮುಗಿಯುವವರೆಗೆ ಕಾರನ್ನು ನೈಸ್ ರಸ್ತೆಯಂಥ ಕಡೆ ಒಂದೇ ವೇಗದಲ್ಲಿ ಓಡಿಸಬೇಕು.