ರೆಟಿನಾ ಕೂತಿದೆ, ದೃಷ್ಟಿ ಬರುವುದು ಯಾವಾಗ?

ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪರದೆಯೇ ರೆಟಿನಾ. ಅದು ಕಳಚಿ, ಮತ್ತೆ ಕೂರಿಸುವ ಆಪರೇಷನ್ ಆದ ಮೇಲೆ ಬಹುತೇಕ ಎಲ್ಲರೂ ಕೇಳುವ ಪ್ರಶ್ನೆ: ‘ಪರದೆ ಕೂತಿದೆ ಅಂತೀರಿ, ಮತ್ತೆ ನನಗೇಕೆ ಕಾಣುತ್ತಿಲ್ಲ?’ ನ್ಯಾಯವಾದ ಪ್ರಶ್ನೆಯೇ. ರೆಟಿನಾ ಕೂರುವುದಕ್ಕೆ ಕೆಲವು ದಿನ ಸಾಕು, ಅದರ ಕೋಶಗಳು ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು.

ಬೆಳಕನ್ನು ಹಿಡಿಯುವ ಕೋಶಗಳಿಗೆ ಆಮ್ಲಜನಕ ಸಿಗುವುದು ಹಿಂಬದಿಯ ಕೊರಾಯ್ಡ್ ಪದರದ ರಕ್ತನಾಳಗಳಿಂದ. ರೆಟಿನಾ ಎದ್ದು ನಡುವೆ ನೀರು ತುಂಬಿದರೆ ಆ ಪೂರೈಕೆ ದೂರವಾಗುತ್ತದೆ. ಮೊದಲು ಕೋಶಗಳ ಹೊರತುದಿಗಳು ಸವೆಯುತ್ತವೆ, ಆಮೇಲೆ ಕೋಶಗಳೇ ಸಾಯತೊಡಗುತ್ತವೆ. ಸವೆದ ತುದಿ ಮತ್ತೆ ಬೆಳೆಯುತ್ತದೆ. ಸತ್ತ ಕೋಶ ಮರಳುವುದಿಲ್ಲ. ಹಾಗಾಗಿ ನಡುದೃಷ್ಟಿಯ ಮ್ಯಾಕುಲಾ ಕಳಚಿತ್ತೇ, ಎಷ್ಟು ದಿನ ಕಳಚಿತ್ತು ಎಂಬುದೇ ಮುಖ್ಯ ಲೆಕ್ಕ. ಮ್ಯಾಕುಲಾ ಕಳಚಿದ್ದರೆ ಸುಧಾರಣೆಯ ಹೆಚ್ಚಿನ ಪಾಲು ಮೊದಲ ಕೆಲವು ತಿಂಗಳಲ್ಲಿ ಬರುತ್ತದೆ. ಉಳಿದದ್ದು ವರ್ಷದವರೆಗೂ, ಕೆಲವರಲ್ಲಿ ಅದರಾಚೆಗೂ ಕುಂಟುತ್ತಾ ಸಾಗುತ್ತದೆ.

ರೆಟಿನಾದ ಪದರಗಳನ್ನು ಬೆಳಕಿನಿಂದ ಚಿತ್ರಿಸುವ ಓಸಿಟಿ ಸ್ಕ್ಯಾನ್‌ನಲ್ಲಿ ಈ ಚೇತರಿಕೆಯನ್ನು ಕಣ್ಣಾರೆ ನೋಡಬಹುದು. ಹೊರ ರೆಟಿನಾದಲ್ಲಿ ಈ ಕೋಶಗಳ ಸ್ಥಿತಿ ತೋರಿಸುವ ಎರಡು ತೆಳು ಗೆರೆಗಳಿವೆ. ಒಳಗಿನದು ಎಕ್ಸ್‌ಟರ್ನಲ್ ಲಿಮಿಟಿಂಗ್ ಮೆಂಬ್ರೇನ್, ಅದರಾಚೆಯ ಹೊಳಪು ಗೆರೆ ಎಲಿಪ್ಸಾಯ್ಡ್ ಝೋನ್. ಸಾಮಾನ್ಯವಾಗಿ ಮೊದಲನೆಯದು ಕೂಡಿಕೊಂಡ ಮೇಲೆಯೇ ಎರಡನೆಯದು ತುಂಡುತುಂಡಾಗಿ ಸೇರುತ್ತದೆ. ಮೊದಲ ಗೆರೆ ಅಖಂಡವಾಗಿದ್ದರೆ ಕಾಯುವುದರಲ್ಲಿ ಅರ್ಥವಿದೆ. ಬಕಲ್ (ಕಣ್ಣುಗುಡ್ಡೆಗೆ ಹೊರಗಿನಿಂದ ಹೊಲಿಯುವ ಸಿಲಿಕೋನ್ ಪಟ್ಟಿ) ಹಾಕಿದ ಕಣ್ಣಲ್ಲಿ ಮ್ಯಾಕುಲಾದ ಕೆಳಗೆ ತುಸು ನೀರು ತಿಂಗಳುಗಟ್ಟಲೆ ಉಳಿಯುವುದುಂಟು. ಬೇರೆ ತೊಂದರೆ ಇಲ್ಲದಿದ್ದರೆ ಅದಕ್ಕೆ ಕೈ ಹಾಕದಿರುವುದೇ ಸರಿ.

ರೆಟಿನಾವನ್ನು ಒತ್ತಿ ಹಿಡಿಯಲು ಕಣ್ಣೊಳಗೆ ಗ್ಯಾಸ್ ತುಂಬಿದ್ದರೆ ಆ ದಿನಗಳ ಮಸುಕಿಗೆ ಬೆದರಬೇಕಿಲ್ಲ. ಎಸ್‌ಎಫ್6 ಎಂಬ ಗ್ಯಾಸ್ ಸುಮಾರು ಎರಡರಿಂದ ಮೂರು ವಾರ, ಸಿ3ಎಫ್8 ಎಂಬುದು ಸುಮಾರು ಆರರಿಂದ ಎಂಟು ವಾರ ಇರುತ್ತದೆ. ಕಣ್ಣೊಳಗೆ ಗುಳ್ಳೆ ಮೇಲಕ್ಕೆ ತೇಲುತ್ತದೆ; ಆ ಕಣ್ಣಿನಿಂದ ನೋಡುವವರಿಗೆ ಮಾತ್ರ ಕೆಳಗಿದ್ದಂತೆ ತೋರುತ್ತದೆ. ಮೊದಲು ಮೇಲ್ಭಾಗ ತಿಳಿಯಾಗಿ, ತುಳುಕುವ ಗೆರೆಯೊಂದು ದಿನದಿನಕ್ಕೆ ಕೆಳಗಿಳಿದು, ಕೊನೆಗೆ ಪುಟ್ಟ ಕರಿಗುಂಡು ಉಳಿಯುತ್ತದೆ. ಅದೂ ಕರಗುವ ತನಕ ವಿಮಾನ ಪ್ರಯಾಣ, ಎತ್ತರದ ಘಟ್ಟ ಹತ್ತುವುದು ಬೇಡ. ಗ್ಯಾಸ್ ಹಿಗ್ಗಿ ಕಣ್ಣಿನ ಒತ್ತಡ ಏರಿದರೆ ರಕ್ತ ಸಂಚಾರವೇ ನಿಲ್ಲಬಹುದು. ಬೇರಾವುದೇ ಆಪರೇಷನ್ ಬಂದರೆ ಅರಿವಳಿಕೆ ವೈದ್ಯರಿಗೆ ತಿಳಿಸಲೇಬೇಕು. ನೈಟ್ರಸ್ ಆಕ್ಸೈಡ್ ಕೊಟ್ಟರೂ ಇದೇ ಅಪಾಯ.

ಗ್ಯಾಸ್ ಹೋದ ಮೇಲೂ ಮಂಜಾದರೆ ಕಾರಣ ಹುಡುಕಬೇಕು. ವಿಟ್ರೆಕ್ಟಮಿ (ಕಣ್ಣೊಳಗಿನ ಲೋಳೆಯಂಥ ದ್ರವ್ಯ ತೆಗೆಯುವ ಆಪರೇಷನ್) ಆದ ಕಣ್ಣಲ್ಲಿ, ಅದರಲ್ಲೂ ಐವತ್ತು ದಾಟಿದವರಲ್ಲಿ, ಕಣ್ಣಿನ ಪೊರೆ ಬೇಗ ಬಲಿಯುತ್ತದೆ. ಬಕಲ್ ಕಣ್ಣುಗುಡ್ಡೆಯನ್ನು ಉದ್ದ ಮಾಡಿ ಮೈನಸ್ ನಂಬರ್ ಹೆಚ್ಚಿಸುತ್ತದೆ. ರಟ್ಟಿನಲ್ಲಿ ಸೂಜಿಯಿಂದ ರಂಧ್ರ ಮಾಡಿ ನೋಡಿದಾಗ ಅಕ್ಷರ ಸ್ಪಷ್ಟವಾದರೆ ತಪ್ಪು ಬಹುಪಾಲು ನಂಬರಿನದೇ. ಆದರೆ ನಂಬರ್ ಸ್ಥಿರವಾಗಲು ಎರಡು ಮೂರು ತಿಂಗಳು ಬೇಕು, ಅವಸರದಲ್ಲಿ ಕನ್ನಡಕ ಮಾಡಿಸಿದರೆ ದುಡ್ಡು ದಂಡ.

ಬಾಗಿಲಿನ ಚೌಕಟ್ಟು ಡೊಂಕಾಗಿ ಕಂಡರೆ ಮ್ಯಾಕುಲಾದ ಮೇಲೆ ತೆಳು ಪೊರೆ ಕಟ್ಟಿರಬಹುದು, ಊತವಿರಬಹುದು, ಇಲ್ಲವೇ ರೆಟಿನಾ ತುಸು ಸರಿದು ಕೂತಿರಬಹುದು. ಮೊದಲೆರಡಕ್ಕೆ ಚಿಕಿತ್ಸೆ ಇದೆ. ಸರಿದು ಕೂತದ್ದಕ್ಕೆ ಹೆಚ್ಚಾಗಿ ಮೆದುಳು ಒಗ್ಗಿಕೊಳ್ಳುವುದನ್ನೇ ಕಾಯಬೇಕು.

ಹೆಚ್ಚು ಎಚ್ಚರ ಬೇಕಿರುವುದು ಮೊದಲ ಮೂರು ತಿಂಗಳು. ಗಾಯದ ಅಂಗಾಂಶ ಬೆಳೆದು ರೆಟಿನಾವನ್ನು ಮತ್ತೆ ಎಳೆಯುವ ಪಿವಿಆರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಆಗಲೇ. ದಿನಕ್ಕೊಮ್ಮೆ ಇನ್ನೊಂದು ಕಣ್ಣು ಮುಚ್ಚಿ, ಎದುರು ನೋಡುತ್ತಾ ನಾಲ್ಕೂ ಮೂಲೆಗಳಲ್ಲಿ ಬೆರಳಾಡಿಸಿ ನೋಡಿ. ನಿನ್ನೆ ಕಂಡ ಮೂಲೆಯಲ್ಲಿ ಇಂದು ಕಪ್ಪು ನೆರಳು ಕವಿದಿದ್ದರೆ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಅಂದೇ ಹೊರಡಿ.